ಎರಡು ಹಾಡು ಎಲ್ಲಿ ಕೂಡುತ್ತವೆ?

ಲ್ಯಾಪ್‌ಟಾಪಿನ ಹೆಡ್‌ಫೋನ್ ತೂತಿಗೆ ಒಂದು ವಯರ್ ಚುಚ್ಚಿ, ಅದರ ಇನ್ನೊಂದು ತುದಿಯ ಕೆಂಪು, ಬಿಳಿ ಪಿನ್ನುಗಳನ್ನು ಡಿಜೆ ಮಿಕ್ಸರಿನ ಹಿಂಬದಿಗೆ ಸಿಕ್ಕಿಸಿದರೆ ಸದ್ದೇನೋ ಬರುತ್ತದೆ. ಪರದೆಯ ಮೇಲೆ ಎಡಕ್ಕೊಂದು ಬಲಕ್ಕೊಂದು ಹಾಡು ಓಡುತ್ತಿರುತ್ತದೆ. ಆದರೆ ಒಂದು ಹಾಡಿನಿಂದ ಇನ್ನೊಂದಕ್ಕೆ ದಾಟಿಸುವ ಜಾರುಗುಂಡಿಯನ್ನು, ಅಂದರೆ ಮಿಕ್ಸರಿನ ಕ್ರಾಸ್‌ಫೇಡರನ್ನು, ಒಂದು ಬದಿಗೆ ಎಳೆದರೆ ಎರಡೂ ಹಾಡು ಒಟ್ಟಿಗೇ ಕೇಳಿಸುತ್ತವೆ, ಇನ್ನೊಂದು ಬದಿಗೆ ಎಳೆದರೆ ಎರಡೂ ಒಟ್ಟಿಗೇ ಬಾಯಿ ಮುಚ್ಚುತ್ತವೆ. ಬೇಸ್ ಗುಂಡಿ ತಿರುಗಿಸಿದರೆ ಎರಡರ ಬೇಸೂ ಇಳಿಯುತ್ತದೆ. ಸಾವಿರಾರು ರೂಪಾಯಿ ಸುರಿದು ತಂದ ಯಂತ್ರ ಬರೀ ಒಂದು ದುಬಾರಿ ವಾಲ್ಯೂಮ್ ಗುಂಡಿಯಾಗಿ ಕೂತಿರುತ್ತದೆ.

ಮಿಕ್ಸರ್ ಕೆಟ್ಟಿಲ್ಲ, ಸಾಫ್ಟ್‌ವೇರೂ ಕೆಟ್ಟಿಲ್ಲ. ಎರಡು ಹಾಡುಗಳು ಕಂಪ್ಯೂಟರಿನ ಒಳಗೇ ಕೂಡಿ ಒಂದಾಗಿ ಹೊರಬಂದಿವೆ. ಮಿಕ್ಸಿಂಗ್ ಎಂದರೆ ಮೂಲದಲ್ಲಿ ಸಂಕಲನ. ಒಂದೊಂದು ಕ್ಷಣದಲ್ಲೂ ಮೊದಲ ಹಾಡಿನ ಅಲೆಯ ಎತ್ತರಕ್ಕೆ ಎರಡನೆಯ ಹಾಡಿನ ಅಲೆಯ ಎತ್ತರವನ್ನು ಸೇರಿಸುವುದು, ಅಷ್ಟೇ. ಅನಲಾಗ್ ಮಿಕ್ಸರ್ ಈ ಲೆಕ್ಕವನ್ನು ವೋಲ್ಟೇಜಿನಲ್ಲಿ ಮಾಡುತ್ತದೆ. ಸಾಫ್ಟ್‌ವೇರ್ ಅಂಕಿಗಳಲ್ಲಿ ಮಾಡುತ್ತದೆ, ಸಾಮಾನ್ಯವಾಗಿ ಸೆಕೆಂಡಿಗೆ 44,100 ಸಲ. ಏಳಕ್ಕೆ ಐದು ಸೇರಿ ಹನ್ನೆರಡಾದ ಮೇಲೆ, ಹನ್ನೆರಡರಲ್ಲಿ ಏಳು ಎಲ್ಲಿದೆ ಎಂದು ಹುಡುಕಿದರೆ ಸಿಕ್ಕೀತೇ? ಕೂಡಿದ್ದನ್ನು ಬಿಡಿಸುವ ಗುಂಡಿ ಯಾವ ಡಿಜೆ ಮಿಕ್ಸರಿನಲ್ಲೂ ಇಲ್ಲ.

ಆದ್ದರಿಂದ ಯಾವ ಮಿಕ್ಸರ್ ಕೊಳ್ಳಬೇಕು, ಯಾವ ವಯರ್ ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆಗಳಿಗಿಂತ ಮುಂಚೆ ಉತ್ತರಿಸಿಕೊಳ್ಳಬೇಕಾದ ಪ್ರಶ್ನೆ ಒಂದಿದೆ. ಎರಡು ಹಾಡು ಕೂಡುವ ಜಾಗ ಯಾವುದು, ಕಂಪ್ಯೂಟರಿನ ಒಳಗೋ ಹೊರಗೋ? ಅದು ತೀರ್ಮಾನವಾದರೆ ಉಳಿದದ್ದು ದಾರಿಗಳನ್ನು ಎಣಿಸುವ ಕೆಲಸ.

ನಾಲ್ಕು ದಾರಿಯ ಲೆಕ್ಕ

ಡಿಜೆ ಮಿಕ್ಸರ್ ಹುಟ್ಟಿದ್ದೇ, ಕೂಡಿಸುವ ಮೊದಲು ಬೇರೆಯಾಗಿ ಕೇಳಬೇಕೆಂಬ ಅಗತ್ಯದಿಂದ. 1970ರ ಆಸುಪಾಸಿನ ನ್ಯೂಯಾರ್ಕಿನಲ್ಲಿ ಫ್ರಾನ್ಸಿಸ್ ಗ್ರಾಸೊ ಎಂಬ ಡಿಜೆ ಒಂದು ಹಾಡಿನ ತಾಳಕ್ಕೆ ಇನ್ನೊಂದರ ತಾಳ ಹೊಂದಿಸಿ, ಕುಣಿತ ಕಡಿಯದ ಹಾಗೆ ಹಾಡು ದಾಟಿಸುವ ಕೈಚಳಕಕ್ಕೆ ಹೆಸರಾಗಿದ್ದ. ಜನ ಕುಣಿಯುವುದು ಈಗಿನ ಹಾಡಿಗೆ, ಡಿಜೆ ಕೇಳಬೇಕಾದ್ದು ಮುಂದಿನ ಹಾಡನ್ನು. 1971ರಲ್ಲಿ ಹೇವನ್ ಎಂಬ ಕ್ಲಬ್ಬಿಗಾಗಿ ಧ್ವನಿ ತಂತ್ರಜ್ಞ ಅಲೆಕ್ಸ್ ರೋಸ್ನರ್ ಒಂದು ಸ್ಟೀರಿಯೊ ಮಿಕ್ಸರ್ ಕಟ್ಟಿಕೊಟ್ಟರು. ಕೆಂಪು ಬಣ್ಣದ ಆ ಪೆಟ್ಟಿಗೆಗೆ ‘ರೋಸಿ’ ಎಂಬ ಹೆಸರು ಬಿತ್ತು. ಸ್ವಲ್ಪದರಲ್ಲೇ ಬೋಜಾಕ್ ಕಂಪನಿಯ ಸಿಎಂಎ-10-2ಡಿಎಲ್ ಮಾರುಕಟ್ಟೆಗೆ ಬಂದು ನ್ಯೂಯಾರ್ಕಿನ ದೊಡ್ಡ ಡಿಸ್ಕೊಗಳಲ್ಲಿ ನೆಲೆಯೂರಿತು. ಅಂದಿನಿಂದ ಇಂದಿನವರೆಗೆ ಯಂತ್ರದ ತಿರುಳು ಬದಲಾಗಿಲ್ಲ. ಬೇರೆ ಬೇರೆಯಾಗಿ ಒಳಬರುವ ಹಾಡುಗಳು ಕೂಡಿ ಸಭೆಗೆ ಹೋಗಬೇಕು. ಕೂಡುವ ಮೊದಲಿನ ತುಣುಕೊಂದು ಡಿಜೆಯ ಕಿವಿಗೆ ಹೋಗಬೇಕು. ಈ ಎರಡನೆಯದಕ್ಕೇ ಕ್ಯೂ ಎನ್ನುವುದು.

ಈಗ ಕಂಪ್ಯೂಟರಿಗೆ ಬರೋಣ. ಹಾಡುಗಳು ಒಳಗೇ ಕೂಡುವುದಾದರೆ ಹೊರಗೆ ಎರಡು ಸ್ಟೀರಿಯೊ ಜೋಡಿ ಬೇಕು: ಒಂದು ಸಭೆಯ ಸ್ಪೀಕರಿಗೆ, ಇನ್ನೊಂದು ಹೆಡ್‌ಫೋನಿಗೆ. ಹೊರಗಿನ ಮಿಕ್ಸರಿನಲ್ಲಿ ಕೂಡುವುದಾದರೂ ಎರಡು ಜೋಡಿ ಬೇಕು: ಒಂದರಲ್ಲಿ ಮೊದಲ ಹಾಡು, ಇನ್ನೊಂದರಲ್ಲಿ ಎರಡನೆಯದು. ಕ್ಯೂ ಕೆಲಸ ಆಗ ಮಿಕ್ಸರಿನದು. ಹೇಗೆ ಎಣಿಸಿದರೂ ಎಡಬಲ ಸೇರಿ ನಾಲ್ಕು ದಾರಿ. ಲ್ಯಾಪ್‌ಟಾಪಿನ ಹೆಡ್‌ಫೋನ್ ತೂತಿನಲ್ಲಿ ಇರುವುದು ಎರಡೇ. ನಾಲ್ಕು ಹೊರದಾರಿಗಳಿರುವ ಸೌಂಡ್ ಕಾರ್ಡ್ ಈ ವಿದ್ಯೆಯ ಕನಿಷ್ಠ ಬಂಡವಾಳ. ಅದು ಬೇರೆ ಪೆಟ್ಟಿಗೆಯಾಗಿರಬಹುದು, ಕಂಟ್ರೋಲರಿನ ಹೊಟ್ಟೆಯಲ್ಲಿರಬಹುದು, ಮಿಕ್ಸರಿನ ಒಳಗೇ ಅಡಗಿರಬಹುದು. ಅಂಗಡಿಯಲ್ಲಿ ಕಾಣುವ ನೂರೆಂಟು ಮಾದರಿಗಳೂ ಈ ಮೂರರಲ್ಲೊಂದು.

ಕಂಟ್ರೋಲರ್ ನೋಡಲು ಮಿಕ್ಸರಿನಂತೆಯೇ ಇದ್ದರೂ ಎಷ್ಟೋ ಮಾದರಿಗಳಲ್ಲಿ ಅದರ ಫೇಡರಿನ ಒಳಗೆ ಹಾಡು ಹರಿಯುವುದಿಲ್ಲ. ಫೇಡರ್ ಎಲ್ಲಿದೆ ಎಂಬ ಸುದ್ದಿ ಮಾತ್ರ ಕಂಪ್ಯೂಟರಿಗೆ ಹೋಗುತ್ತದೆ, ಕೂಡಿಸುವುದು ಸಾಫ್ಟ್‌ವೇರ್. ಸುದ್ದಿ ಒಯ್ಯುವುದು ಹೆಚ್ಚಾಗಿ 1983ರಲ್ಲಿ ಬಂದ ಮಿಡಿ ಭಾಷೆ. ಅದರ ಸಾಮಾನ್ಯ ಸಂದೇಶದಲ್ಲಿ ಒಂದು ಗುಂಡಿಗೆ 0ಯಿಂದ 127ರವರೆಗೆ 128 ಮೆಟ್ಟಿಲು. ವಾಲ್ಯೂಮಿಗೆ ಇಷ್ಟು ಸಾಕು, ವೇಗಕ್ಕೆ ಸಾಲದು. ಹಾಡಿನ ವೇಗವನ್ನು ಶೇಕಡ 8ರಷ್ಟು ಮೇಲೆ, 8ರಷ್ಟು ಕೆಳಗೆ ಒಯ್ಯುವ ಫೇಡರಿಗೆ 128 ಮೆಟ್ಟಿಲು ಹಂಚಿದರೆ ಒಂದು ಮೆಟ್ಟಿಲು ಶೇಕಡ 0.125. ಬೇಕಾದ ವೇಗ ಎರಡು ಮೆಟ್ಟಿಲ ನಟ್ಟನಡುವೆ ಬಿದ್ದರೆ ಒಂದು ನಿಮಿಷದಲ್ಲಿ ಎರಡು ತಾಳಗಳ ನಡುವೆ ಸುಮಾರು 37 ಮಿಲಿಸೆಕೆಂಡ್ ಬಿರುಕು ಬೀಳುತ್ತದೆ. ಒಂದೇ ಪೆಟ್ಟು ಎರಡಾಗಿ ಕೇಳಲು ಅಷ್ಟು ಸಾಕು. ಅದಕ್ಕೇ ಒಳ್ಳೆಯ ಕಂಟ್ರೋಲರುಗಳು ಎರಡು ಸಂದೇಶ ಜೋಡಿಸಿ 16,384 ಮೆಟ್ಟಿಲುಗಳಲ್ಲಿ ವೇಗ ಹೇಳುತ್ತವೆ.

ಹಾಡಿಲ್ಲದ ತಟ್ಟೆ

ಹೊರಗೆ ಕೂಡಿಸುವ ಪದ್ಧತಿಯನ್ನು ಉಳಿಸಿದವರು ಗ್ರಾಮಫೋನ್ ತಟ್ಟೆ ಬಿಡಲೊಪ್ಪದ ಡಿಜೆಗಳು. 1972ರಲ್ಲಿ ಬಂದ ಟೆಕ್ನಿಕ್ಸ್ ಎಸ್ಎಲ್-1200 ಟರ್ನ್‌ಟೇಬಲಿನ ಮೇಲೆ ಒಂದೆರಡು ತಲೆಮಾರಿನ ಕೈಗಳು ಪಳಗಿದ್ದವು. ಹಾಡುಗಳು ಕಡತಗಳಾಗಿ ಹಾರ್ಡ್ ಡಿಸ್ಕ್ ಸೇರಿದಾಗ, ಅದೇ ಕೈ, ಅದೇ ತಟ್ಟೆಯಿಂದ ಕಂಪ್ಯೂಟರಿನ ಹಾಡನ್ನು ಆಡಿಸಲಾದೀತೇ ಎಂಬ ಪ್ರಶ್ನೆ ಎದ್ದಿತು. ನೆದರ್‌ಲ್ಯಾಂಡ್ಸಿನ ಎನ್‌ಟುಐಟಿ ಎಂಬ ಕಂಪನಿಯ ‘ಫೈನಲ್ ಸ್ಕ್ರ್ಯಾಚ್’ ಇದಕ್ಕೆ ಬಂದ ಮೊದಮೊದಲ ಉತ್ತರ. 2004ರಲ್ಲಿ ನ್ಯೂಜಿಲೆಂಡಿನ ಸೆರಾಟೊ, ಅಮೆರಿಕದ ರೇನ್ ಕಂಪನಿಯ ಜೊತೆ ಸೇರಿ ‘ಸ್ಕ್ರ್ಯಾಚ್ ಲೈವ್’ ತಂದಿತು.

ಉಪಾಯ ಸೊಗಸಾದದ್ದು. ಈ ವಿಶೇಷ ತಟ್ಟೆಯಲ್ಲಿ ಹಾಡಿಲ್ಲ, ಒಂದೇ ಸಮನೆ ಕೂಗುವ ಸ್ವರವಿದೆ. ಸೆರಾಟೊ ತಟ್ಟೆ ನಿಮಿಷಕ್ಕೆ 33⅓ ಸುತ್ತು ತಿರುಗಿದಾಗ ಆ ಸ್ವರದ ಕಂಪನಾಂಕ 1,000 ಹರ್ಟ್ಸ್. ಅದೇ ತಟ್ಟೆಯನ್ನು 45 ಸುತ್ತಿಗೆ ಏರಿಸಿದರೆ ಸ್ವರ 1,350 ಹರ್ಟ್ಸಿಗೆ ಏರುತ್ತದೆ. ಸಾಫ್ಟ್‌ವೇರ್ ಅದನ್ನು ಅಳೆದು, ಹಾಡನ್ನೂ 1.35 ಪಟ್ಟು ವೇಗದಲ್ಲಿ ಓಡಿಸುತ್ತದೆ. ಹಿಂದಕ್ಕೆ ತಿರುಗಿಸಿದರೆ? ಸ್ವರದ ಕಂಪನಾಂಕ ಎರಡು ದಿಕ್ಕಿಗೂ ಒಂದೇ. ಅದಕ್ಕಾಗಿ ಎಡ, ಬಲ ಚಾನೆಲ್‌ಗಳ ಅಲೆಗಳನ್ನು ಕಾಲು ಸುತ್ತಿನಷ್ಟು ಹಿಂದೆಮುಂದೆ ಇಟ್ಟಿದ್ದಾರೆ. ಮುಂದಕ್ಕೆ ಹೋಗುವಾಗ ಒಂದು ಚಾನೆಲಿನ ಅಲೆ ಮೊದಲು ಏರಿದರೆ, ಹಿಂದಕ್ಕೆ ಹೋಗುವಾಗ ಇನ್ನೊಂದರದ್ದು ಮೊದಲು ಏರುತ್ತದೆ. ಇನ್ನು ಸೂಜಿ ತಟ್ಟೆಯ ಯಾವ ಭಾಗದಲ್ಲಿದೆ ಎಂಬುದನ್ನು ಅಲೆಗಳ ಎತ್ತರದಲ್ಲಿ ಮಾಡಿದ ಸಣ್ಣ ಹೆಚ್ಚುಕಡಿಮೆಯಲ್ಲಿ ಸಂಕೇತವಾಗಿ ಬರೆದಿರುತ್ತಾರೆ. ಸೂಜಿಯನ್ನು ಎತ್ತಿ ತಟ್ಟೆಯ ಮುಂದಿನ ಜಾಗಕ್ಕೆ ಇಟ್ಟರೆ ಹಾಡೂ ಅಷ್ಟೇ ಮುಂದಕ್ಕೆ ಹಾರುವುದು ಹೀಗೆ.

ಈ ಏರ್ಪಾಡಿನ ಕಷ್ಟವೂ ಭೌತವಿಜ್ಞಾನದ್ದೇ. ಸೂಜಿ ಕೂರಿಸಿದ, ಮ್ಯಾಗ್ನೆಟ್ ಇರುವ ಕಾರ್ಟ್ರಿಜ್ ಕೊಡುವ ವೋಲ್ಟೇಜು ಸೂಜಿ ಅಲ್ಲಾಡುವ ವೇಗವನ್ನು ಅವಲಂಬಿಸಿದೆ. ತಟ್ಟೆಯನ್ನು ಕೈಯಲ್ಲಿ ಹಿಡಿದು ಬಹಳ ನಿಧಾನ ಸರಿಸಿದರೆ ಸ್ವರ ತಗ್ಗುವುದರ ಜೊತೆಗೆ ಸಂಕೇತವೂ ಸೊರಗುತ್ತದೆ. ಸೂಜಿಗೆ ದೂಳು ಹತ್ತಿದ್ದರೆ, ಅರ್ತ್ ವಯರ್ ಸಡಿಲವಾಗಿದ್ದರೆ, ಮೊದಲು ಹದಗೆಡುವುದು ಈ ನಿಧಾನ ಚಲನೆಯೇ.

ಇಲ್ಲಿ ದಾರಿಗಳ ಲೆಕ್ಕ ಇಮ್ಮಡಿಯಾಗುತ್ತದೆ. ಎರಡು ತಟ್ಟೆಗಳ ಸ್ವರ ಒಳಹೋಗಲು ನಾಲ್ಕು ದಾರಿ, ಎರಡು ಹಾಡು ಹೊರಬರಲು ನಾಲ್ಕು ದಾರಿ. 24 ಬಿಟ್, ಸೆಕೆಂಡಿಗೆ 44,100 ಸ್ಯಾಂಪಲ್ ಎಂದುಕೊಂಡರೆ ಎಂಟು ದಾರಿಗೆ ಸೆಕೆಂಡಿಗೆ ಸುಮಾರು 85 ಲಕ್ಷ ಬಿಟ್. ಹಳೆಯ ಯುಎಸ್‌ಬಿ 1.1ರ ಮಿತಿಯೇ ಸೆಕೆಂಡಿಗೆ 1.2 ಕೋಟಿ. ಯುಎಸ್‌ಬಿ 2.0 ಬಂದು ಅದು 48 ಕೋಟಿಯಾದ ಮೇಲೆ ವಯರಿನ ಅಗಲ ಚಿಂತೆಯಾಗಿ ಉಳಿಯಲಿಲ್ಲ. ಮೊದಲು ಟರ್ನ್‌ಟೇಬಲಿಗೂ ಮಿಕ್ಸರಿಗೂ ನಡುವೆ ಬೇರೆ ಪೆಟ್ಟಿಗೆಯಾಗಿ ಕೂರುತ್ತಿದ್ದ ಸೌಂಡ್ ಕಾರ್ಡ್ ಆಮೇಲೆ ಮಿಕ್ಸರಿನ ಒಳಗೇ ಸೇರಿತು. ರೇನ್ ಕಂಪನಿಯ ಟಿಟಿಎಂ 57ಎಸ್ಎಲ್ ಅಂಥ ಆರಂಭದ ಮಾದರಿಗಳಲ್ಲೊಂದು. ಒಂದು ಹಿಡಿ ವಯರುಗಳಿದ್ದ ಜಾಗದಲ್ಲಿ ಒಂದು ಯುಎಸ್‌ಬಿ ವಯರ್ ಉಳಿಯಿತು.

ಮಿಲಿವೋಲ್ಟಿನ ಜಗಳ

ಮಿಕ್ಸರಿನ ಹಿಂಬದಿಯಲ್ಲಿ ಒಂದೇ ಥರ ಕಾಣುವ ತೂತುಗಳ ಮೇಲೆ ‘ಫೋನೊ’ ಎಂದೂ ‘ಲೈನ್’ ಎಂದೂ ಬರೆದಿರುತ್ತದೆ. ಪಿನ್ ಎರಡಕ್ಕೂ ಹಿಡಿಯುತ್ತದೆ, ಒಳಗಿನ ಲೋಕ ಬೇರೆ. ಟರ್ನ್‌ಟೇಬಲಿನ ಕಾರ್ಟ್ರಿಜ್ ಕೊಡುವುದು ಸುಮಾರು 5 ಮಿಲಿವೋಲ್ಟ್. ಮನೆಬಳಕೆಯ ಸಾಧನಗಳ ಲೈನ್ ಮಟ್ಟ 316 ಮಿಲಿವೋಲ್ಟ್, ವೃತ್ತಿಪರ ಸಾಧನಗಳದ್ದು 1.23 ವೋಲ್ಟ್. ಫೋನೊ ತೂತಿನ ಹಿಂದೆ ಸಂಕೇತವನ್ನು ಸುಮಾರು ನೂರು ಪಟ್ಟು ಹಿಗ್ಗಿಸುವ ಮಂಡಲವಿದೆ. ಅದರ ಜೊತೆಗೇ 1954ರಿಂದ ರೂಢಿಗೆ ಬಂದ ಆರ್‌ಐಎಎ ತಿದ್ದುಪಡಿಯೂ ಇದೆ. ತಟ್ಟೆ ಕೊರೆಯುವಾಗ ಬೇಸ್ ತಗ್ಗಿಸಿ, ಚೂಪು ಸ್ವರಗಳನ್ನು ಎತ್ತಿ ಕೊರೆಯುತ್ತಾರೆ. ಇಲ್ಲವಾದರೆ ಬೇಸಿನ ದೊಡ್ಡ ಅಲೆಗಳು ಪಕ್ಕದ ಗೆರೆಯನ್ನೇ ತಿಂದುಬಿಡುತ್ತವೆ. ನುಡಿಸುವಾಗ ಅದನ್ನು ತಿರುವುಮುರುವು ಮಾಡಬೇಕು: 20 ಹರ್ಟ್ಸಿನ ಬಳಿ ಸುಮಾರು ಹತ್ತು ಪಟ್ಟು ಎತ್ತಬೇಕು, 20,000 ಹರ್ಟ್ಸಿನ ಬಳಿ ಅಷ್ಟೇ ಇಳಿಸಬೇಕು.

ಸೌಂಡ್ ಕಾರ್ಡಿನಿಂದ ಬಂದ ಹಾಡನ್ನು ಫೋನೊ ತೂತಿಗೆ ಕೊಟ್ಟರೆ, ಮೊದಲೇ ದೊಡ್ಡದಿದ್ದ ಸಂಕೇತ ನೂರು ಪಟ್ಟು ಹಿಗ್ಗಿ, ಬೇಸು ಇನ್ನೂ ಉಬ್ಬಿ, ಸ್ಪೀಕರ್ ಹರಿದಂತೆ ಕಿರುಚುತ್ತದೆ. ಟರ್ನ್‌ಟೇಬಲನ್ನು ಲೈನ್ ತೂತಿಗೆ ಕೊಟ್ಟರೆ ಬೇಸೇ ಇಲ್ಲದ ಸೊಳ್ಳೆ ಸದ್ದು. ಎರಡರಲ್ಲಿ ಯಾವುದು ಕೇಳಿಸಿದರೂ ಮೊದಲು ನೋಡಬೇಕಾದ್ದು ಫೋನೊ–ಲೈನ್ ಸ್ವಿಚ್.

ಗುಂಯ್ ಎನ್ನುವ ಸದ್ದಿನ ಮೂಲ ಬೇರೆ. ನಮ್ಮ ಮನೆಗಳಿಗೆ ಬರುವ ಕರೆಂಟು ಸೆಕೆಂಡಿಗೆ 50 ಸಲ ಅತ್ತಿತ್ತ ಆಗುತ್ತದೆ. 5 ಮಿಲಿವೋಲ್ಟಿನ ಸಂಕೇತದ ಪಕ್ಕದಲ್ಲಿ ಅದರ ಒಂದು ಚೂರು ನುಸುಳಿದರೂ ನೂರು ಪಟ್ಟು ಹಿಗ್ಗಿ ಕೇಳುತ್ತದೆ. ಟರ್ನ್‌ಟೇಬಲಿನಿಂದ ಬರುವ ತೆಳು ಅರ್ತ್ ವಯರನ್ನು ಮಿಕ್ಸರಿನ ಅರ್ತ್ ಸ್ಕ್ರೂಗೆ ಬಿಗಿಯುವುದು ಇದಕ್ಕಾಗಿ. ಕಲ್ಯಾಣಮಂಟಪದಲ್ಲಿ ವೇದಿಕೆಯ ಈ ಬದಿಯ ಪ್ಲಗ್ಗಿನಿಂದ ಲ್ಯಾಪ್‌ಟಾಪಿಗೆ, ಆ ಬದಿಯ ಪ್ಲಗ್ಗಿನಿಂದ ಆಂಪ್ಲಿಫೈಯರಿಗೆ ಕರೆಂಟು ಕೊಟ್ಟಾಗ ಎರಡು ಅರ್ತ್‌ಗಳ ನಡುವೆ ಆಡಿಯೊ ವಯರಿನ ಮೂಲಕವೇ ಒಂದು ಬಳಸುದಾರಿ ಏರ್ಪಟ್ಟು ಗುಂಯ್ ಸದ್ದು ಹುಟ್ಟುವುದುಂಟು. ಚಾರ್ಜರ್ ಕಿತ್ತ ಕೂಡಲೇ ಸದ್ದು ನಿಂತರೆ ರೋಗ ಅದೇ. ಎಲ್ಲ ಯಂತ್ರಗಳಿಗೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿನಿಂದ ಕರೆಂಟು ಕೊಡುವುದು ಮೊದಲ ಮದ್ದು, ಆಡಿಯೊ ದಾರಿಯಲ್ಲಿ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಇಡುವುದು ಎರಡನೆಯದು. ಪ್ಲಗ್ಗಿನ ಅರ್ತ್ ಪಿನ್ ಮುರಿಯುವುದು ಮದ್ದಲ್ಲ, ಜೀವಕ್ಕೆ ಅಪಾಯ.

ಮಿಕ್ಸರಿನಿಂದ ಸ್ಪೀಕರಿಗೆ ದೂರ ಹೆಚ್ಚಿದ್ದರೆ ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ವಯರ್ ಬಳಸಬೇಕು. ಅದರಲ್ಲಿ ಒಂದೇ ಸಂಕೇತ ಒಂದು ತಂತಿಯಲ್ಲಿ ನೇರವಾಗಿ, ಇನ್ನೊಂದರಲ್ಲಿ ತಲೆಕೆಳಗಾಗಿ ಹೋಗುತ್ತದೆ. ದಾರಿಯಲ್ಲಿ ಸೇರಿದ ಗದ್ದಲ ಎರಡರಲ್ಲೂ ಒಂದೇ ಥರ ಇರುತ್ತದೆ. ಆ ತುದಿಯಲ್ಲಿ ಒಂದರಿಂದ ಇನ್ನೊಂದನ್ನು ಕಳೆದಾಗ ಗದ್ದಲ ಸೊನ್ನೆಯಾಗುತ್ತದೆ, ಹಾಡು ಉಳಿಯುತ್ತದೆ.

ಕೈಗೂ ಕಿವಿಗೂ ನಡುವಿನ ಹೊತ್ತು

ಕಂಪ್ಯೂಟರ್ ಹಾಡನ್ನು ಒಂದೊಂದೇ ಸ್ಯಾಂಪಲ್ ಆಗಿ ಹೊರಬಿಡುವುದಿಲ್ಲ. ಅದಕ್ಕೆ ಬೇರೆ ಕೆಲಸಗಳೂ ಇವೆ, ಬಿಡುವಾದಾಗ ಒಂದು ಕಂತು ಲೆಕ್ಕ ಮಾಡಿ ಬಫರಿಗೆ ತುಂಬುತ್ತದೆ. ನಲ್ಲಿ ನೀರು ಬಂದಾಗ ಮಹಡಿಯ ಟ್ಯಾಂಕ್ ತುಂಬಿಟ್ಟುಕೊಂಡು ದಿನವಿಡೀ ಒಂದೇ ಸಮ ಬಳಸುವ ಏರ್ಪಾಡು ಇದು. ಬಫರ್ 256 ಸ್ಯಾಂಪಲ್ಲಿನದಾದರೆ 5.8 ಮಿಲಿಸೆಕೆಂಡ್ ತಡ, 512 ಆದರೆ 11.6, 1,024 ಆದರೆ 23.2. ತಟ್ಟೆಯಿಂದ ಆಡಿಸುವಾಗ ಸ್ವರ ಒಳಬರಲು ಒಂದು ಬಫರ್, ಹಾಡು ಹೊರಹೋಗಲು ಇನ್ನೊಂದು. ತಡ ಇಮ್ಮಡಿಗಿಂತ ಸ್ವಲ್ಪ ಹೆಚ್ಚೇ. ಬಫರ್ ಚಿಕ್ಕದಾದಷ್ಟೂ ಕೈಗೆ ಸ್ಪಂದನ ಚುರುಕು, ಆದರೆ ಮುಂದಿನ ಕಂತು ಬರುವ ಮೊದಲೇ ಬಫರ್ ಬರಿದಾದರೆ ಚಟ್ ಎಂಬ ಸದ್ದು.

ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. 5.8 ಮಿಲಿಸೆಕೆಂಡ್ ಎಂದರೆ ಎರಡು ಮೀಟರ್ ಆಚೆಗಿನ ಸ್ಪೀಕರ್ ಕೇಳಿದಷ್ಟು ತಡ. ಹತ್ತು ಮೀಟರ್ ದೂರ ಕುಣಿಯುವವರಿಗೆ ಹೇಗೂ 29 ಮಿಲಿಸೆಕೆಂಡ್ ತಡವಾಗಿಯೇ ಹಾಡು ತಲುಪುತ್ತದೆ, ಅವರಿಗೇನೂ ಅನ್ನಿಸದು. ತಡ ಕಾಡುವುದು ತಟ್ಟೆಯ ಮೇಲೆ ಬೆರಳಿಟ್ಟವರನ್ನು. ಬರೀ ಹಾಡು ದಾಟಿಸುವವರಿಗೆ 512 ಸಾಕು. ತಟ್ಟೆಯನ್ನು ಹಿಂದೆಮುಂದೆ ಉಜ್ಜಿ ಸದ್ದು ತೆಗೆಯುವವರು, ಅಂದರೆ ಸ್ಕ್ರ್ಯಾಚ್ ಮಾಡುವವರು, 128ರ ಕಡೆಗೆ ಇಳಿಯಲು ನೋಡುತ್ತಾರೆ. ಎಷ್ಟು ಇಳಿಯಬಹುದು ಎಂಬುದು ಸೌಂಡ್ ಕಾರ್ಡಿನ ಡ್ರೈವರಿಗೆ ಸೇರಿದ್ದು. ವಿಂಡೋಸಿನಲ್ಲಿ ಸ್ಟೈನ್‌ಬರ್ಗ್ ಕಂಪನಿ ರೂಪಿಸಿದ ಆಸಿಯೊ ಡ್ರೈವರ್ ಇದೆಯೇ ಎಂದು ನೋಡಬೇಕು; ಮ್ಯಾಕಿನಲ್ಲಿ ಕೋರ್ ಆಡಿಯೊ ವ್ಯವಸ್ಥೆಯೊಳಗೇ ಇದೆ.

ಕೂಡುವ ಗಣಿತ

ಕ್ರಾಸ್‌ಫೇಡರ್ ನಟ್ಟನಡುವೆ ನಿಂತಾಗ ಎರಡೂ ಹಾಡು ಎಷ್ಟೆಷ್ಟು ಇರಬೇಕು? ಅರ್ಧರ್ಧ ಎಂದು ತೋಚುತ್ತದೆ. ಆದರೆ ಸಂಬಂಧವಿಲ್ಲದ ಎರಡು ಸದ್ದುಗಳು ಸೇರುವಾಗ ಕೂಡುವುದು ಅವುಗಳ ಶಕ್ತಿ, ಮತ್ತು ಶಕ್ತಿ ವೋಲ್ಟೇಜಿನ ವರ್ಗದ ಅನುಪಾತದಲ್ಲಿರುತ್ತದೆ. ಅರ್ಧ ವೋಲ್ಟೇಜು ಎಂದರೆ ಕಾಲು ಶಕ್ತಿ, ಎರಡು ಕಾಲು ಸೇರಿ ಅರ್ಧವೇ ಆಯಿತು. ನಡುವೆ ಸದ್ದು 3 ಡೆಸಿಬೆಲ್ ಕುಸಿಯುತ್ತದೆ. ಹಾಡು ದಾಟಿಸಲೆಂದು ಮಾಡಿದ ಫೇಡರಿನಲ್ಲಿ ನಡುವೆ ಎರಡಕ್ಕೂ 0.707 ಪಾಲು ಸಿಗುವಂತೆ ಬಾಗು ಕೊಟ್ಟಿರುತ್ತಾರೆ. ಸ್ಕ್ರ್ಯಾಚ್ ಮಾಡುವವರಿಗೆ ಈ ನಯ ಬೇಡ, ಕೂದಲೆಳೆ ಸರಿಸಿದರೆ ಸದ್ದು ಪೂರ್ತಿ ತೆರೆಯಬೇಕು. ಬಾಗು ಬದಲಿಸುವ ಸ್ವಿಚ್ ಇರುವ ಮಿಕ್ಸರ್ ಇಬ್ಬರಿಗೂ ಆಗುತ್ತದೆ.

ತಾಳ ಹೊಂದಿದ ಮೇಲೆ ಇನ್ನೊಂದು ತೊಡಕು. ಎರಡು ಹಾಡಿನ ಬೇಸ್ ಪೆಟ್ಟುಗಳು ಒಂದೇ ಕ್ಷಣದಲ್ಲಿ ಒಂದೇ ದಿಕ್ಕಿಗೆ ಏರಿದರೆ ವೋಲ್ಟೇಜೇ ಇಮ್ಮಡಿ, ಅಂದರೆ 6 ಡೆಸಿಬೆಲ್ ಏರಿಕೆ. ಅದಕ್ಕೇ ಅನುಭವಿ ಡಿಜೆಗಳು ಒಂದರ ಬೇಸ್ ಇಳಿಸಿ ಇನ್ನೊಂದರ ಬೇಸ್ ಏರಿಸುತ್ತಾರೆ, ಎರಡನ್ನೂ ಒಟ್ಟಿಗೆ ಬಿಡುವುದು ಅಪರೂಪ. ಸಾಫ್ಟ್‌ವೇರಿನಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಅನಲಾಗ್ ಮಂಡಲ ಮಿತಿ ಮೀರಿದಾಗ ಮೊದಮೊದಲು ಮೆಲ್ಲಗೆ ಒರಟಾದೀತು. ಅಂಕಿಯ ದಾರಿಯಲ್ಲಿ 16 ಬಿಟ್ಟಿಗೆ ಗರಿಷ್ಠ 32,767. ಅದನ್ನು ದಾಟಿದ ಅಲೆಯ ತಲೆ ಚಪ್ಪಟೆಯಾಗಿ ಕತ್ತರಿಸಿ ಹೋಗುತ್ತದೆ. ಸಾಫ್ಟ್‌ವೇರಿನ ಮಾಪಕ ಕೆಂಪು ಮುಟ್ಟದಂತೆ ಇಟ್ಟು, ಜೋರು ಬೇಕಾದರೆ ಆಂಪ್ಲಿಫೈಯರಿನಲ್ಲಿ ಏರಿಸುವುದು ಸರಿಯಾದ ಕ್ರಮ.

ಕೊಳ್ಳುವ ಮುನ್ನ

‘ಯುಎಸ್‌ಬಿ ಇದೆ’ ಎಂಬ ಒಂದು ಮಾತಿಗೆ ಮಿಕ್ಸರ್ ಕೊಂಡವರು ಮೋಸಹೋಗುವುದು ಹೆಚ್ಚು. ಕೆಲವು ಮಿಕ್ಸರುಗಳ ಯುಎಸ್‌ಬಿಯಲ್ಲಿ ಬರೀ ಎರಡು ದಾರಿ; ಕೂಡಿದ ಹಾಡನ್ನು ಧ್ವನಿಮುದ್ರಿಸಲು ಅದು ಸಾಕು, ಎರಡು ಡೆಕ್ಕುಗಳನ್ನು, ಅಂದರೆ ಪರದೆಯ ಎಡಬಲದ ಎರಡು ಹಾಡುಗಳನ್ನು, ಬೇರೆಬೇರೆ ಒಳತರಲು ಸಾಲದು. ಇನ್ನು ಕೆಲವದರಲ್ಲಿ ಯುಎಸ್‌ಬಿ ಒಯ್ಯುವುದು ಮಿಡಿ ಸುದ್ದಿಯನ್ನು ಮಾತ್ರ. ಕೈಪಿಡಿಯಲ್ಲಿ ಎಷ್ಟು ದಾರಿ ಒಳಕ್ಕೆ, ಎಷ್ಟು ಹೊರಕ್ಕೆ ಎಂದು ಬರೆದ ಸಾಲನ್ನು ಓದಿಯೇ ಹಣ ಕೊಡಬೇಕು.

ಎರಡನೆಯದು ಬೀಗದ ಕೈ. ಸೆರಾಟೊದಂಥ ಸಾಫ್ಟ್‌ವೇರ್ ತಾನು ಒಪ್ಪಿದ ಯಂತ್ರಗಳ ಪಟ್ಟಿ ಇಟ್ಟುಕೊಂಡಿದೆ. ಪಟ್ಟಿಯಲ್ಲಿಲ್ಲದ ಮಿಕ್ಸರ್ ಎಷ್ಟೇ ಒಳ್ಳೆಯದಾದರೂ ಸಾಫ್ಟ್‌ವೇರಿನ ತಟ್ಟೆಯ ಸೌಲಭ್ಯ ತೆರೆಯುವುದಿಲ್ಲ. ಬೀಗ ಬೇಡವೆನ್ನುವವರಿಗೆ ಮಿಕ್ಸ್ (Mixxx) ಎಂಬ ಮುಕ್ತ ಸಾಫ್ಟ್‌ವೇರ್ ಇದೆ. 2001ರ ಸುಮಾರಿಗೆ ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಸಂಶೋಧನೆಯೊಂದರಿಂದ ಹೊರಟ ಇದು ಈಗ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಉಚಿತವಾಗಿ ಸಿಗುತ್ತದೆ. ನಾಲ್ಕು ಹೊರದಾರಿಯ ಸಾಮಾನ್ಯ ಸೌಂಡ್ ಕಾರ್ಡ್, ಹಳೆಯ ಅನಲಾಗ್ ಮಿಕ್ಸರ್, ಜೊತೆಗೆ ಇದು ಇದ್ದರೆ ಕಲಿಯಲು ಯಾವ ಕೊರತೆಯೂ ಇಲ್ಲ.

ಜೋಡಿಸಿ ಹುಡುಕುವ ಕ್ರಮ

ಎಲ್ಲ ವಯರ್ ಹಾಕುವವರೆಗೆ ಸ್ಪೀಕರ್ ಆಫ್ ಇರಲಿ. ಮೊದಲು ಕಂಪ್ಯೂಟರ್, ಆಮೇಲೆ ಮಿಕ್ಸರ್, ಕೊನೆಗೆ ಸ್ಪೀಕರ್ ಆನ್ ಆಗಬೇಕು. ಮುಗಿಸುವಾಗ ಮೊದಲು ಆರುವುದು ಸ್ಪೀಕರ್. ಇಲ್ಲವಾದರೆ ಮಿಕ್ಸರ್ ಆನ್ ಅಥವಾ ಆಫ್ ಆಗುವಾಗಿನ ಧಡ್ ಎಂಬ ವೋಲ್ಟೇಜು ಸ್ಪೀಕರಿನ ಕೋನಿಗೆ ಹೊಡೆಯುತ್ತದೆ. ಹೊರಗೆ ಕೂಡಿಸುವುದಾದರೆ ಸಾಫ್ಟ್‌ವೇರಿನ ಧ್ವನಿ ಆಯ್ಕೆಗಳಲ್ಲಿ ಮೊದಲ ಡೆಕ್ಕನ್ನು 1–2ನೇ ದಾರಿಗೆ, ಎರಡನೆಯದನ್ನು 3–4ನೇ ದಾರಿಗೆ ಹಚ್ಚಬೇಕು. ಮಿಕ್ಸರಿನ ಆಯಾ ಚಾನೆಲಿನ ಮೇಲಿನ ಸ್ವಿಚ್ಚನ್ನು, ಒಳಗೇ ಸೌಂಡ್ ಕಾರ್ಡ್ ಇದ್ದರೆ ಯುಎಸ್‌ಬಿಗೆ, ಹೊರಗಿದ್ದರೆ ಲೈನಿಗೆ ತಿರುಗಿಸಬೇಕು. ಪರದೆಯ ಮೇಲಿನ ಕ್ರಾಸ್‌ಫೇಡರನ್ನು ಮರೆತುಬಿಡಬೇಕು. ಹಾಡು ಕೂಡುವ ಜಾಗ ಒಂದೇ ಇರಬೇಕು.

ಸದ್ದು ಬರದಿದ್ದರೆ ದೀಪಗಳನ್ನು ಹಾಡು ಹರಿಯುವ ಕ್ರಮದಲ್ಲೇ ಓದಬೇಕು. ಸಾಫ್ಟ್‌ವೇರಿನ ಡೆಕ್ಕಿನ ಮಾಪಕ ಕುಣಿಯುತ್ತಿಲ್ಲವಾದರೆ ತಪ್ಪು ಕಂಪ್ಯೂಟರಿನೊಳಗೆ. ಅದು ಕುಣಿದು ಮಿಕ್ಸರಿನ ಚಾನೆಲ್ ದೀಪ ಸತ್ತಿದ್ದರೆ ದಾರಿ ಹಚ್ಚಿದ್ದು ತಪ್ಪಿದೆ, ಇಲ್ಲವೇ ಸ್ವಿಚ್ ತಪ್ಪು ಜಾಗದಲ್ಲಿದೆ. ಎರಡೂ ಚಾನೆಲ್ ದೀಪಗಳು ಒಂದೇ ಹಾಡಿಗೆ ಕುಣಿದರೆ ಹಾಡುಗಳು ಇನ್ನೂ ಒಳಗೇ ಕೂಡುತ್ತಿವೆ. ಚಾನೆಲ್ ದೀಪ ಉರಿದು ಮಾಸ್ಟರ್ ದೀಪ ಉರಿಯದಿದ್ದರೆ ಫೇಡರ್ ಕೆಳಗಿದೆ. ಮಾಸ್ಟರೂ ಉರಿದರೆ ಹುಡುಕಬೇಕಾದ್ದು ಸ್ಪೀಕರಿನ ಕಡೆ. ತಪ್ಪು ಯಾವಾಗಲೂ ಉರಿಯುವ ಕೊನೆಯ ದೀಪಕ್ಕೂ ಉರಿಯದ ಮೊದಲ ದೀಪಕ್ಕೂ ನಡುವೆ ಇರುತ್ತದೆ. ಆ ನಡುವಿನದನ್ನು ಮಾತ್ರ ಮುಟ್ಟಿ, ಉಳಿದ ವಯರುಗಳನ್ನು ಇದ್ದಲ್ಲೇ ಬಿಟ್ಟರೆ ಐದು ನಿಮಿಷದ ಕೆಲಸ.